ಒಂದು ನದಿ, ಹಲವು ಪತ್ರಿಕೆ: ಪಣಜಿಯ ಸ್ಥಳೀಯ ಚರಿತ್ರೆಯನ್ನು ಕನ್ನಡದಿಂದ ಓದುವ ಪ್ರಯತ್ನ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹ ರೂಪ. ಮಾತಿನ ಧಾಟಿಯನ್ನು ಸಾಧ್ಯವಾದಷ್ಟು ಉಳಿಸಿಕೊಳ್ಳಲಾಗಿದೆ.)

ನನ್ನ ಪ್ರಬಂಧ ಪಣಜಿ ಎಂಬ ಸಣ್ಣ ನದಿಯೂರಿನ ಬಗ್ಗೆ. ಗೋವಾದ ರಾಜಧಾನಿ ಅಂದಕೂಡಲೇ ದೊಡ್ಡ ಪಟ್ಟಣ ಅಂತ ಅನಿಸುತ್ತೆ. ಆದರೆ 2011ರ ಜನಗಣತಿಯ ಪ್ರಕಾರ ಪಣಜಿ ನಗರದ ಜನಸಂಖ್ಯೆ ಸುಮಾರು 40 ಸಾವಿರ. ನಮ್ಮ ಕಡೆಯ ಒಂದು ತಾಲ್ಲೂಕು ಕೇಂದ್ರದಷ್ಟು. ಇಷ್ಟು ಸಣ್ಣ ಊರಿಗೆ ಪೋರ್ಚುಗೀಸ್, ಮರಾಠಿ, ಇಂಗ್ಲಿಷ್, ಕೊಂಕಣಿ ಎಂಬ ನಾಲ್ಕು ಭಾಷೆಗಳ ಪತ್ರಿಕಾ ಚರಿತ್ರೆ ಇದೆ. ಈ ನಾಲ್ಕರ ನಡುವೆ ಕನ್ನಡ ಎಲ್ಲಿದೆ ಅನ್ನೋದು ನನ್ನ ಪ್ರಶ್ನೆ.

ಪ್ರಬಂಧದ ಮುಖ್ಯ ವಾದವನ್ನು ಮೊದಲೇ ಹೇಳಿಬಿಡ್ತೀನಿ. ಒಂದು ಊರಿನ ಚರಿತ್ರೆಯನ್ನು ಅದರ ಪತ್ರಿಕೆಗಳಿಂದ ಬರೆಯುವಾಗ, ಪತ್ರಿಕೆಯಲ್ಲಿ ಏನಿದೆ ಅಂತ ಮಾತ್ರ ನೋಡಿದರೆ ಸಾಲದು. ಆ ಪತ್ರಿಕೆ ಯಾರಿಗೆ ಓದಲು ಬರುತ್ತಿತ್ತು, ಯಾರಿಗೆ ಬರುತ್ತಿರಲಿಲ್ಲ ಅಂತಲೂ ಕೇಳಬೇಕು. ಪಣಜಿಯ ವಿಷಯದಲ್ಲಿ ಈ ಎರಡನೆಯ ಪ್ರಶ್ನೆಯೇ ಹೆಚ್ಚು ಫಲ ಕೊಡುತ್ತದೆ.

1. ನದಿಯೂರು ಮತ್ತು ಅದರ ಪತ್ರಿಕೆ

ಹೋಲಿಕೆಗೆ ಹೊರಗಿನ ಒಂದು ಊರನ್ನು ಇಟ್ಟುಕೊಳ್ಳೋಣ. ಅಮೆರಿಕದ ಮಿಸಿಸಿಪ್ಪಿ ನದಿಯ ದಂಡೆಯಲ್ಲಿ ಹ್ಯಾನಿಬಲ್ ಎಂಬ ಊರಿದೆ. ಮುಂದೆ ಮಾರ್ಕ್ ಟ್ವೇನ್ ಎಂದು ಹೆಸರಾದ ಹುಡುಗ ಅಲ್ಲಿ 1848ರ ಸುಮಾರಿಗೆ ಒಂದು ಪತ್ರಿಕೆಯ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವುದನ್ನು ಕಲಿತ. ಆಮೇಲೆ ಅಣ್ಣ ನಡೆಸುತ್ತಿದ್ದ ಪತ್ರಿಕೆಯಲ್ಲಿ ಕೆಲಸ ಮಾಡಿದ. ಅಂಥ ಸಣ್ಣ ಊರಿಗೂ ತನ್ನದೇ ವಾರಪತ್ರಿಕೆಗಳಿದ್ದವು. ಅಂಥ ಊರುಗಳ ಎಷ್ಟೋ ಹಳೆಯ ಪತ್ರಿಕೆಗಳನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇವತ್ತು ಅಂತರ್ಜಾಲದಲ್ಲಿ ಇಟ್ಟಿದೆ. ಸ್ಥಳೀಯ ಚರಿತ್ರೆ ಬರೆಯುವವರಿಗೆ ಇದು ದೊಡ್ಡ ಅನುಕೂಲ.

ಆದರೆ ಹ್ಯಾನಿಬಲ್ ಇರುವ ಮಿಸ್ಸೌರಿ ರಾಜ್ಯ 1847ರಲ್ಲಿ ಕಪ್ಪು ಜನರಿಗೆ ಓದು ಬರಹ ಕಲಿಸುವುದನ್ನೇ ಕಾನೂನಿನಿಂದ ನಿಷೇಧಿಸಿತ್ತು. ಗುಲಾಮರಾಗಿದ್ದವರು ಆ ಕಾಲದ ಪತ್ರಿಕೆಗಳಲ್ಲಿ ಕಾಣಿಸುವುದು ಹೆಚ್ಚಾಗಿ ಮಾರಾಟದ, ಇಲ್ಲವೇ ಓಡಿಹೋದವರನ್ನು ಹುಡುಕುವ ಜಾಹೀರಾತುಗಳಲ್ಲಿ. ಅಂದರೆ ಊರಿನ ಪತ್ರಿಕೆ ಊರಿನ ಎಲ್ಲರ ಪತ್ರಿಕೆ ಆಗಿರಲಿಲ್ಲ. ಈ ಎಚ್ಚರವನ್ನು ಜೊತೆಗಿಟ್ಟುಕೊಂಡು ಪಣಜಿಗೆ ಬರೋಣ.

2. ಊರಿನ ಗುರುತುಗಳಲ್ಲಿ ಕನ್ನಡದ ಕುರುಹು

ಪಣಜಿ ಮಾಂಡವಿ ನದಿಯ ಎಡದಂಡೆಯ ಊರು. ಈ ಹೆಸರು ನಮಗೆ ಅಷ್ಟಾಗಿ ಪರಿಚಯವಿಲ್ಲ, ಆದರೆ ನದಿ ಚೆನ್ನಾಗಿ ಪರಿಚಯ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ದೇಗಾಂವ್ ಬಳಿ ಹುಟ್ಟುವ ಮಹದಾಯಿಯೇ ಗೋವಾದ ಬಯಲಿಗೆ ಇಳಿದ ಮೇಲೆ ಮಾಂಡವಿ ಆಗುತ್ತಾಳೆ. ಈ ವಿಷಯಕ್ಕೆ ಆಮೇಲೆ ಮತ್ತೆ ಬರ್ತೀನಿ.

ಕದಂಬರ ಕಾಲದ ಶಾಸನವೊಂದರಲ್ಲಿ ಬರುವ ‘ಪಹಜಣಿ ಖಳಿ’ ಎಂಬ ಹೆಸರನ್ನು ವಿದ್ವಾಂಸರು ಪಣಜಿಯೊಂದಿಗೆ ಗುರುತಿಸುತ್ತಾರೆ. ಗೋವೆಯ ಕದಂಬರು ಕನ್ನಡದಲ್ಲೂ ಸಂಸ್ಕೃತದಲ್ಲೂ ಶಾಸನ ಹಾಕಿಸಿದವರು. ಮೊದಲು ಚಂದ್ರಪುರ, ಅಂದರೆ ಇವತ್ತಿನ ಚಾಂದೋರ್, ಆಮೇಲೆ ಜುವಾರಿ ದಂಡೆಯ ಗೋಪಕಪಟ್ಟಣ ಅವರ ರಾಜಧಾನಿ. ಆ ಮನೆತನದ ಹೆಸರು ಗೋವಾದಲ್ಲಿ ಇವತ್ತು ದಿನನಿತ್ಯ ಓಡಾಡುವುದು ಬಸ್ಸಿನ ಮೇಲೆ. ರಾಜ್ಯ ಸಾರಿಗೆ ಸಂಸ್ಥೆಯ ಹೆಸರೇ ಕದಂಬ. ಹುಬ್ಬಳ್ಳಿಯಿಂದ ಪಣಜಿಗೆ ಬಂದಿಳಿಯುವ ಕೂಲಿಯವರು ಮೊದಲು ಕೇಳುವ ಮಾತು “ಕದಂಬಾ ಸ್ಟ್ಯಾಂಡ್ ಬಂತಾ?” ಅಂತ. ಆ ಹೆಸರು ಬನವಾಸಿಯ ನೆನಪು ಅಂತ ಯಾರೂ ನಿಂತು ಯೋಚಿಸಲ್ಲ. ಯೋಚಿಸಬೇಕಾಗಿಯೂ ಇಲ್ಲ. ಆದರೆ ವಿದ್ಯಾರ್ಥಿಗಳಾದ ನಾವು ಯೋಚಿಸಬಹುದು.

ನದಿಯ ದಂಡೆಗೆ ಹೊಂದಿ ನಿಂತಿರುವ ಹಳೆಯ ಸಚಿವಾಲಯದ ಕಟ್ಟಡವನ್ನು ಜನ ಆದಿಲ್‌ಶಾಹಿ ಅರಮನೆ ಅಂತಾರೆ. ಬಿಜಾಪುರದ ಯೂಸುಫ್ ಆದಿಲ್ ಶಾಹ ಸುಮಾರು 1500ರ ಹೊತ್ತಿಗೆ ಕಟ್ಟಿಸಿದ್ದು. 1510ರಲ್ಲಿ ಪೋರ್ಚುಗೀಸರ ಕೈ ಸೇರಿತು. ಓಲ್ಡ್ ಗೋವಾ ರೋಗರುಜಿನಕ್ಕೆ ತುತ್ತಾಗಿ ಹಾಳಾದ ಮೇಲೆ, 1759ರಲ್ಲಿ ವೈಸರಾಯ್ ಈ ಅರಮನೆಗೆ ವಾಸಕ್ಕೆ ಬಂದ. ಮುಂದೆ ಆಡಳಿತವೆಲ್ಲ ಇಲ್ಲಿಗೇ ಬಂತು. ಪಕ್ಕದಲ್ಲಿ ಅಬ್ಬೆ ಫಾರಿಯಾನ ಪ್ರತಿಮೆ ಇದೆ. ಕಾಂದೋಳಿಯಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಸಂಮೋಹನ ವಿದ್ಯೆಗೆ ಹೆಸರಾದ ಪಾದ್ರಿ ಅವನು. ಊರಿನಿಂದ ರಿಬಂದರ್ ಕಡೆಗೆ ಹೋಗುವ ರಸ್ತೆಯೇ 1633–34ರಲ್ಲಿ ಕಟ್ಟಿದ ಪೊಂತೆ ದ ಲಿನ್ಯಾರಿಸ್, ಕೆಸರು ನೆಲದ ಮೇಲೆ ಮೂರು ಕಿಲೋಮೀಟರಿಗೂ ಉದ್ದಕ್ಕೆ ಹಾಸಿದ ಜಂಬಿಟ್ಟಿಗೆ ಕಲ್ಲಿನ ಸೇತುವೆ ದಾರಿ. ಬೆಟ್ಟದ ಮೇಲಿನ ಬಿಳಿಯ ಇಗರ್ಜಿಯ ದೊಡ್ಡ ಗಂಟೆ ಓಲ್ಡ್ ಗೋವಾದ ಅಗಸ್ಟೀನಿಯನ್ ಮಠದ್ದು. ಮಠ ಹಾಳುಬಿದ್ದ ಮೇಲೆ ಅಗ್ವಾದ ಕೋಟೆಯ ದೀಪಸ್ತಂಭಕ್ಕೆ ಹೋಗಿ, 1871ರಲ್ಲಿ ಇಲ್ಲಿಗೆ ಬಂತು.

ಈ ಗುರುತುಗಳ ಪಟ್ಟಿಯಲ್ಲಿ ಕದಂಬ, ಬಿಜಾಪುರ, ಖಾನಾಪುರ ಮೂರೂ ಇವೆ ಅನ್ನೋದನ್ನು ಗಮನಿಸಿ. ಕಲ್ಲಿನಲ್ಲಿ, ಹೆಸರಿನಲ್ಲಿ, ನೀರಿನಲ್ಲಿ ಕರ್ನಾಟಕದ ನಂಟು ಕಾಣಿಸುತ್ತದೆ. ಹಾಗಾದರೆ ಅಚ್ಚಿನಲ್ಲಿ?

3. ಅಚ್ಚುಯಂತ್ರ ಬಂತು, ಪತ್ರಿಕೆ ಬರಲಿಲ್ಲ

ಭಾರತಕ್ಕೆ ಮೊದಲ ಅಚ್ಚುಯಂತ್ರ ಬಂದದ್ದು ಗೋವಾಕ್ಕೆ, 1556ರಲ್ಲಿ. ಅದು ಹೊರಟಿದ್ದು ಅಬಿಸೀನಿಯಾಕ್ಕೆ, ಅಂದರೆ ಇವತ್ತಿನ ಇಥಿಯೋಪಿಯಾಕ್ಕೆ. ದಾರಿಯಲ್ಲಿ ಇಲ್ಲೇ ಉಳಿದುಕೊಂಡಿತು. ಪಣಜಿಯಿಂದ ನದಿಯಲ್ಲಿ ಮೇಲಕ್ಕೆ ಹೋದರೆ ಸಿಗುವ ಓಲ್ಡ್ ಗೋವಾದ ಸೇಂಟ್ ಪಾಲ್ ಕಾಲೇಜಿನಲ್ಲಿ ಅದನ್ನು ನಿಲ್ಲಿಸಿದರು. ಹೋಲಿಕೆಗೆ ಹೇಳೋದಾದರೆ, ಸೆರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾದದ್ದು 1817ರಲ್ಲಿ. ನಡುವೆ 261 ವರ್ಷ.

ಇಷ್ಟು ಬೇಗ ಅಚ್ಚು ಬಂದ ಕಡೆ ಪತ್ರಿಕೆ ಯಾವಾಗ ಬಂತು? 1821ರಲ್ಲಿ. ಕಲ್ಕತ್ತೆಯಲ್ಲಿ ಹಿಕ್ಕಿಯ ಪತ್ರಿಕೆ 1780ಕ್ಕೇ ಬಂದಿತ್ತು. ಗೋವಾ ಇಷ್ಟು ಹಿಂದೆ ಬಿದ್ದದ್ದು ಯಾಕೆ? ಕಾರಣಗಳು ಎರಡು. ಮೊದಲನೆಯದು, ಇಲ್ಲಿ ಅಚ್ಚು ಬಂದದ್ದು ಧರ್ಮಪ್ರಚಾರಕ್ಕೆ, ಸುದ್ದಿಗಲ್ಲ. ಎರಡನೆಯದು, 1754ರಲ್ಲಿ ಪೋರ್ಚುಗಲ್ಲಿನ ದೊರೆತನ ಗೋವಾದಲ್ಲಿ ಅಚ್ಚುಕೂಟಗಳನ್ನೇ ನಿಷೇಧಿಸಿತು. 1821ರಲ್ಲಿ ಪೋರ್ಚುಗಲ್ಲಿನ ಉದಾರವಾದಿ ಕ್ರಾಂತಿಯ ಗಾಳಿ ಇಲ್ಲಿಗೂ ಬೀಸಿದಾಗ ಅಚ್ಚು ಮರಳಿ ಬಂತು. ಅದೇ ಡಿಸೆಂಬರಿನಲ್ಲಿ ‘ಗಜೆಟಾ ದೆ ಗೋವಾ’ ಶುರುವಾಯಿತು. ಐದು ವರ್ಷ ನಡೆದು 1826ರಲ್ಲಿ ನಿಂತುಹೋಯಿತು. 1837ರಿಂದ ಸರ್ಕಾರದ ‘ಬೊಲೆತಿಂ’ ಬರತೊಡಗಿತು. ಎರಡೂ ಪೋರ್ಚುಗೀಸಿನಲ್ಲಿದ್ದ ಸರ್ಕಾರಿ ಪತ್ರಿಕೆಗಳು. ನದಿಯ ಮೇಲೆ ದೋಣಿ ನಡೆಸುವವನಿಗೆ, ಗದ್ದೆಯ ಬದು ಕಟ್ಟುವವನಿಗೆ ಅವುಗಳಲ್ಲಿ ಒಂದು ಸಾಲೂ ಓದಲು ಬರುವಂತಿರಲಿಲ್ಲ.

4. ‘ಕನಾರಿಂ’ ಎಂಬ ಹೆಸರಿನ ಗೊಂದಲ

ಕನ್ನಡದ ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಇಂಗ್ಲೆಂಡಿನಿಂದ ಬಂದ ಜೆಸ್ಯೂಟ್ ಪಾದ್ರಿ ಥಾಮಸ್ ಸ್ಟೀಫನ್ಸ್ ಬರೆದ ವ್ಯಾಕರಣ ಅವನು ತೀರಿಕೊಂಡ ಮೇಲೆ 1640ರಲ್ಲಿ ರಾಚೋಲ್‌ನಲ್ಲಿ ಅಚ್ಚಾಯಿತು. ಹೆಸರು ‘ಆರ್ತೆ ದ ಲಿಂಗ್ವಾ ಕನಾರಿಂ’. ಗ್ರಂಥಾಲಯದ ಪಟ್ಟಿಯಲ್ಲಿ ಈ ಹೆಸರು ಕಂಡಾಗ ನಮ್ಮಂಥವರಿಗೆ ಎದೆ ಝಲ್ ಅನ್ನುತ್ತೆ, ಕನ್ನಡದ್ದೇ ವ್ಯಾಕರಣ ಅಂತ. ಅಲ್ಲ. ಅದು ಕೊಂಕಣಿಯ ವ್ಯಾಕರಣ. ಪೋರ್ಚುಗೀಸರು ಗೋವಾದ ಜನರನ್ನೂ ಅವರ ಭಾಷೆಯನ್ನೂ ‘ಕನಾರಿಂ’ ಅಂತಲೇ ಕರೆದರು. ಕೆನರಾ ಕರಾವಳಿಯ ಹೆಸರು ಬೇರೆ ನುಡಿಗೆ ಅಂಟಿಕೊಂಡಿತು.

ಅದೇ ಪುಸ್ತಕವನ್ನು 1857ರಲ್ಲಿ ಕುನ್ಯಾ ರಿವಾರಾ ಎಂಬ ಅಧಿಕಾರಿ ಮತ್ತೆ ಅಚ್ಚು ಹಾಕಿಸಿದಾಗ ಶೀರ್ಷಿಕೆಯಲ್ಲಿ ‘ಕನಾರಿಂ’ ಹೋಗಿ ‘ಕೊಂಕಾನಿ’ ಬಂತು. ಎರಡು ಮುದ್ರಣಗಳ ನಡುವೆ ಭಾಷೆಗೆ ತನ್ನ ಹೆಸರು ಮರಳಿ ಸಿಕ್ಕಿತು. ಈ ನಡುವಿನ ಕಾಲದಲ್ಲೇ, 1684ರಲ್ಲಿ, ವೈಸರಾಯ್ ಒಂದು ಆಜ್ಞೆ ಹೊರಡಿಸಿದ್ದ. ಮೂರು ವರ್ಷದೊಳಗೆ ಜನ ತಮ್ಮ ಮಾತನ್ನು ಬಿಟ್ಟು ಪೋರ್ಚುಗೀಸ್ ಆಡಬೇಕು ಅಂತ. ಆಜ್ಞೆ ಮನೆಯೊಳಗಿನ ಮಾತನ್ನು ಕೊಲ್ಲಲಿಲ್ಲ. ಆದರೆ ಆ ಮಾತು ಬರಹಕ್ಕೆ, ಪತ್ರಿಕೆಗೆ ಬರುವುದನ್ನು ಬಹಳ ಕಾಲ ತಡೆಯಿತು.

ಪರಿಣಾಮ ಏನಾಯಿತು ನೋಡಿ. ಕೊಂಕಣಿಯ ಮೊದಲ ನಿಯತಕಾಲಿಕ ‘ಉದೆಂತೆಚೆಂ ಸಾಳಕ್’ ಹುಟ್ಟಿದ್ದು ಗೋವಾದಲ್ಲಲ್ಲ, ಪುಣೆಯಲ್ಲಿ, 1889ರಲ್ಲಿ. ಎದುವಾರ್ದು ಬ್ರೂನು ದ ಸೋಜಾ ಅದನ್ನು ಹೊರತಂದರು. ಕೊಂಕಣಿಯ ತಿಯಾತ್ರ್ ನಾಟಕ ಹುಟ್ಟಿದ್ದು ಮುಂಬೈಯಲ್ಲಿ, 1892ರಲ್ಲಿ. ಓದು ಬಾರದವರಿಗೆ ತಿಯಾತ್ರ್‌ನ ಹಾಡುಗಳೇ ಒಂದು ರೀತಿಯ ಪತ್ರಿಕೆ. ರಾಜಕೀಯ, ಬೆಲೆ ಏರಿಕೆ, ಊರಿನ ಹಗರಣ ಎಲ್ಲವೂ ಅಲ್ಲಿ ಹಾಡಾಗಿ ಬರುತ್ತಿತ್ತು, ಈಗಲೂ ಬರುತ್ತದೆ. ಇನ್ನು ಮಂಗಳೂರಿನಲ್ಲಿ 1912ರ ‘ಕೊಂಕ್ಣಿ ದಿರ್ವೆಂ’, 1938ರ ‘ರಾಕ್ಣೊ’ ಕನ್ನಡ ಲಿಪಿಯಲ್ಲಿ ಅಚ್ಚಾದ ಕೊಂಕಣಿ ಪತ್ರಿಕೆಗಳು. ಒಂದು ಕಾಲಕ್ಕೆ ಕನ್ನಡದ ಹೆಸರು ಕೊಂಕಣಿಯ ಮೇಲೆ ತಪ್ಪಾಗಿ ಕೂತಿತ್ತು. ಇನ್ನೊಂದು ಕಾಲಕ್ಕೆ ಕನ್ನಡದ ಅಕ್ಷರ ಕೊಂಕಣಿಗೆ ಮನೆ ಕೊಟ್ಟಿತು. ನನಗೆ ಈ ಎರಡೂ ಒಟ್ಟಿಗೆ ನೆನಪಿಡಬೇಕಾದ ಸಂಗತಿಗಳು ಅನಿಸುತ್ತೆ.

5. 1843: ಎರಡು ಊರು, ಎರಡು ಆರಂಭ

1843ರ ಮಾರ್ಚ್ 22ರಂದು ರಾಜಾಜ್ಞೆಯ ಮೂಲಕ ಪಣಜಿಗೆ ‘ನೋವಾ ಗೋವಾ’ ಎಂಬ ಹೆಸರೂ ನಗರದ, ರಾಜಧಾನಿಯ ಪಟ್ಟವೂ ಸಿಕ್ಕವು. ಅದಕ್ಕೂ ಮೊದಲೇ, 1827ರಿಂದ 1835ರವರೆಗೆ ಆಡಳಿತ ನಡೆಸಿದ ದೊಂ ಮಾನುವೆಲ್ ದ ಪೋರ್ಚುಗಲ್ ಎ ಕಾಸ್ತ್ರು ಜೌಗು ತುಂಬಿಸಿ ಬೀದಿಗಳನ್ನು ಹಾಕಿಸಿದ್ದ. ಇವತ್ತು ಕೃಷ್ಣದಾಸ ಶಾಮಾ ಅವರ ಹೆಸರಿನಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯದ ಮೂಲವೂ ಅವನ ಕಾಲದ್ದೇ, 1832ರದ್ದು.

ಅದೇ 1843ರ ಜುಲೈ 1ರಂದು ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರತಂದರು. ಕನ್ನಡದ ಮೊದಲ ಪತ್ರಿಕೆ ಅಂತ ನಾವೆಲ್ಲ ಓದಿದ್ದೀವಿ. ಜುಲೈ 1ನ್ನು ಪತ್ರಿಕಾ ದಿನ ಅಂತ ಆಚರಿಸೋದೂ ಅದಕ್ಕೇ. ಕಲ್ಲಚ್ಚಿನಲ್ಲಿ ಬಂದ ಆ ಪತ್ರಿಕೆ ಮರುವರ್ಷ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯಿತು.

ಎರಡೂ ನದಿ ಕಡಲು ಸೇರುವ ಕಡೆಯ ಊರುಗಳು. ಎರಡರಲ್ಲೂ ಅಚ್ಚು ತಂದವರು ಮಿಷನರಿಗಳು. ವ್ಯತ್ಯಾಸ ಭಾಷೆಯದು. ಬಾಸೆಲ್ ಮಿಷನ್ನಿನವರಿಗೂ ಧರ್ಮಪ್ರಚಾರದ ಉದ್ದೇಶ ಇತ್ತು, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಮಂಗಳೂರಿನ ಪತ್ರಿಕೆ ಊರ ವರ್ತಮಾನವನ್ನು, ಸರ್ಕಾರದ ನಿರೂಪಗಳನ್ನು ಕನ್ನಡದಲ್ಲಿ ಹೇಳಿತು. ಒಬ್ಬ ಓದಿದರೆ ಸುತ್ತ ಕೂತ ಹತ್ತು ಜನರಿಗೆ ಅರ್ಥವಾಗುವಂತಿತ್ತು. ಪಣಜಿಯಲ್ಲಿ ಒಬ್ಬ ಓದಿದರೆ ಅವನೇ ಅದನ್ನು ಬೇರೆ ಭಾಷೆಗೆ ಬಿಡಿಸಿ ಹೇಳಬೇಕಾಗಿತ್ತು.

6. ಪೋರ್ಚುಗೀಸ್ ಪತ್ರಿಕೆಗಳ ಕಾಲ

ಇಲ್ಲಿಂದ ಸ್ವಲ್ಪ ಬೇಗ ಹೋಗ್ತೀನಿ. 1859ರಲ್ಲಿ ಮಡಗಾಂವ್‌ನಿಂದ ಬಂದ ‘ಓ ಉಲ್ತ್ರಾಮಾರ್’ ಗೋವಾದ ಖಾಸಗಿ ಪತ್ರಿಕೆಗಳಲ್ಲಿ ಮೊದಲನೆಯದೆಂದು ಹೆಸರಾದದ್ದು. 1900ರಲ್ಲಿ ಪಣಜಿಯಿಂದ ಮೆಸಿಯಾಸ್ ಗೋಮಿಶ್ ‘ಓ ಹೆರಾಲ್ಡೊ’ ಆರಂಭಿಸಿದರು. ಅದು ದಿನಪತ್ರಿಕೆ. ಲೂಯಿಸ್ ದ ಮೆನೇಜಿಸ್ ಬ್ರಗಾಂಜಾ ಅದರ ಜೊತೆಗಿದ್ದರು. ಆಮೇಲೆ 1911ರಲ್ಲಿ ‘ಓ ದೆಬಾತೆ’, 1928ರಲ್ಲಿ ‘ಪ್ರಕಾಶ’ ನಡೆಸಿದರು. 1912ರಲ್ಲಿ ಕೇಪೆಂನಿಂದ ಗೋವಿಂದ ಪುಂಡಲೀಕ ಹೆಗ್ಡೆ ದೇಸಾಯಿ ಅವರ ‘ಭಾರತ’ ಬಂತು. ಅದರಲ್ಲಿ ಮರಾಠಿಯೂ ಇತ್ತು, ಪೋರ್ಚುಗೀಸೂ ಇತ್ತು.

ಈ ಪತ್ರಿಕೆಗಳನ್ನು ‘ಪರಭಾಷೆಯವು’ ಅಂತ ಬದಿಗಿಟ್ಟರೆ ಅನ್ಯಾಯವಾಗುತ್ತೆ. ಪೋರ್ಚುಗೀಸಿನಲ್ಲೇ ಬರೆದು ಪೋರ್ಚುಗೀಸ್ ಆಳ್ವಿಕೆಯನ್ನು ಪ್ರಶ್ನಿಸಿದವರು ಮೆನೇಜಿಸ್ ಬ್ರಗಾಂಜಾ. 1930ರಲ್ಲಿ ಶಾಸನ ಸಭೆಯಲ್ಲಿ ಗೋವಾದ ಜನರಿಗೆ ಸ್ವನಿರ್ಣಯದ ಹಕ್ಕಿದೆ ಎಂಬ ಗೊತ್ತುವಳಿ ತಂದವರೂ ಅವರೇ. ಸಾಲಜಾರ್ ಆಡಳಿತದ ಕಾಲದಲ್ಲಿ ಅಚ್ಚಿಗೆ ಮೊದಲೇ ಪುಟಗಳು ಸೆನ್ಸಾರ್ ಕೈಗೆ ಹೋಗಬೇಕಾಯಿತು. 1937ರಲ್ಲಿ ‘ಪ್ರಕಾಶ’ ನಿಂತಿತು. ಅವರು ಮರುವರ್ಷ ತೀರಿಕೊಂಡರು. ಆಜಾದ್ ಮೈದಾನದ ಪಕ್ಕದ ಸಂಸ್ಥೆಗೆ ಈಗ ಅವರ ಹೆಸರಿದೆ. ಅದು 1871ರಲ್ಲಿ ವಾಸ್ಕೋ ಡ ಗಾಮಾನ ಹೆಸರಿನಲ್ಲಿ ಶುರುವಾದ ಸಂಸ್ಥೆ.

ಹೀಗಿದ್ದರೂ ಮೊದಲಿನ ಪ್ರಶ್ನೆ ಉಳಿಯುತ್ತದೆ. 1961ರ ಡಿಸೆಂಬರ್ 19ರಂದು ಗೋವಾ ವಿಮೋಚನೆಯಾದಾಗ ಇಲ್ಲಿನ ಮೂರರಲ್ಲಿ ಎರಡು ಪಾಲು ಜನರಿಗೆ ಯಾವ ಭಾಷೆಯಲ್ಲೂ ಓದು ಬರಹ ಇರಲಿಲ್ಲ. ಸ್ವನಿರ್ಣಯದ ಮಾತು ಯಾರ ಬಗ್ಗೆ ಬರೆಯಲಾಗಿತ್ತೋ ಅವರಲ್ಲಿ ಹೆಚ್ಚಿನವರು ಅದನ್ನು ಓದಲಿಲ್ಲ.

1961ರ ನಂತರ ಚಿತ್ರ ಬದಲಾಯಿತು. 1962ರಲ್ಲಿ ಮರಾಠಿಯ ‘ಗೋಮಂತಕ’, 1963ರಲ್ಲಿ ಇಂಗ್ಲಿಷಿನ ‘ನವಹಿಂದ್ ಟೈಮ್ಸ್’ ಬಂದವು. ಮೊದಲನೆಯದನ್ನು ಚೌಗುಲೆ ಕುಟುಂಬ, ಎರಡನೆಯದನ್ನು ಧೆಂಪೊ ಕುಟುಂಬ ಆರಂಭಿಸಿದ್ದು. ಎರಡೂ ಗಣಿ ಉದ್ಯಮದ ಮನೆತನಗಳು. ಅದಿರು ತುಂಬಿದ ದೋಣಿಗಳು ಇಳಿದು ಬರುತ್ತಿದ್ದದ್ದು ಇದೇ ಮಾಂಡವಿಯಲ್ಲಿ. 1967ರ ಜನವರಿ 16ರಂದು, ಗೋವಾ ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೇ ಬೇಡವೇ ಎಂಬ ಜನಮತಗಣನೆ ನಡೆಯಿತು. ವಿಲೀನ ಬೇಡ ಅಂದವರು 34 ಸಾವಿರದಷ್ಟು ಮತಗಳಿಂದ ಗೆದ್ದರು. ವಿಲೀನದ ವಿರುದ್ಧ ಗಟ್ಟಿಯಾಗಿ ಬರೆದ ‘ರಾಷ್ಟ್ರಮತ’ ಮರಾಠಿ ಪತ್ರಿಕೆ ಅನ್ನೋದು ಇಲ್ಲಿ ಗಮನಿಸಬೇಕಾದದ್ದು. ಪತ್ರಿಕೆಯ ಭಾಷೆ ನೋಡಿ ಅದರ ನಿಲುವನ್ನು ಊಹಿಸುವಂತಿಲ್ಲ. ‘ಓ ಹೆರಾಲ್ಡೊ’ 1983ರಲ್ಲಿ ಪೋರ್ಚುಗೀಸನ್ನು ಬಿಟ್ಟು ಇಂಗ್ಲಿಷಿಗೆ ಬಂತು. 1987ರಲ್ಲಿ ಕೊಂಕಣಿ ರಾಜಭಾಷೆಯಾಯಿತು, ಗೋವಾ ರಾಜ್ಯವಾಯಿತು, ಕೊಂಕಣಿ ದಿನಪತ್ರಿಕೆ ‘ಸುನಾಪರಾಂತ’ವೂ ಬಂತು.

7. ಒಂದೇ ನದಿ, ಎರಡು ಭಾಷೆಯ ಸುದ್ದಿ

ಈಗ ನನ್ನ ಪ್ರಬಂಧದ ಹೃದಯಭಾಗಕ್ಕೆ ಬರ್ತೀನಿ. ಖಾನಾಪುರ ತಾಲ್ಲೂಕಿನಲ್ಲಿ ಎರಡು ನದಿಗಳು ಹುಟ್ಟುತ್ತವೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಸೇರುತ್ತಾಳೆ. ಮಹದಾಯಿ ಪಶ್ಚಿಮಕ್ಕೆ ಹರಿದು ಪಣಜಿಯ ಬಳಿ ಕಡಲು ಸೇರುತ್ತಾಳೆ. ಮಲಪ್ರಭೆಯಲ್ಲಿ ನೀರು ಸಾಲದು, ಆದ್ದರಿಂದ ಕಳಸಾ ಬಂಡೂರಿ ಹಳ್ಳಗಳ ನೀರನ್ನು ಆ ಕಡೆಗೆ ತಿರುಗಿಸಬೇಕು ಎಂಬುದು ಕರ್ನಾಟಕದ ಬೇಡಿಕೆ. ನವಲಗುಂದ, ನರಗುಂದ ಅಂದರೆ 1980ರ ರೈತ ಬಂಡಾಯದ ನೆಲ. ನಮ್ಮ ಸಾಹಿತ್ಯ ಚರಿತ್ರೆಗೂ ಆ ನೆಲದ ನಂಟಿದೆ. 2015ರಿಂದ ನರಗುಂದದಲ್ಲಿ ನಡೆದ ದೀರ್ಘ ಧರಣಿ ನಮಗೆಲ್ಲ ಗೊತ್ತು. ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ತೀರ್ಪು ಕೊಟ್ಟಿತು. ಕರ್ನಾಟಕಕ್ಕೆ 13.42, ಗೋವಾಕ್ಕೆ 24, ಮಹಾರಾಷ್ಟ್ರಕ್ಕೆ 1.33 ಟಿಎಂಸಿ. ಕರ್ನಾಟಕದ ಪಾಲಿನಲ್ಲಿ ಮಲಪ್ರಭೆಗೆ ತಿರುಗಿಸಲು ಸಿಕ್ಕಿದ್ದು 3.9 ಟಿಎಂಸಿ.

ನಮ್ಮ ಅಪ್ಪ ನವಲಗುಂದ ತಾಲ್ಲೂಕಿನವರು. ಗೋವಾಕ್ಕೆ ಗೌಂಡಿ ಕೆಲಸಕ್ಕೆ ಬಂದು ಇಲ್ಲೇ ನಿಂತವರು. ಊರಲ್ಲಿ ಕಾಕಾ ಇನ್ನೂ ಹೊಲ ಮಾಡ್ತಾರೆ. ಹಾಗಾಗಿ ಮಹದಾಯಿ ಗಲಾಟೆಯ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಎರಡು ಕಡೆಯ ಪತ್ರಿಕೆಗಳು ಇರುತ್ತಿದ್ದವು. ಊರಿನಿಂದ ಯಾರಾದರೂ ಬಂದರೆ ತಂದ ಕನ್ನಡ ಪತ್ರಿಕೆ, ಅಂಗಡಿಯಲ್ಲಿ ಕೊಂಡ ಗೋವಾದ ಪತ್ರಿಕೆ. ಎರಡನ್ನೂ ಎದುರುಬದುರು ಇಟ್ಟು ಓದಿದಾಗಲೇ ಈ ಪ್ರಬಂಧದ ವಿಷಯ ನನಗೆ ಹೊಳೆದದ್ದು.

ಶಬ್ದಗಳನ್ನು ಗಮನಿಸಿ. ಕನ್ನಡದ ಸುದ್ದಿಯಲ್ಲಿ ಆಕೆ ‘ಮಹದಾಯಿ’. ಗೋವಾದ ಸುದ್ದಿಯಲ್ಲಿ ‘ಮ್ಹಾದಯ್’, ತಾಯಿ. ಕನ್ನಡದಲ್ಲಿ ‘ಯೋಜನೆ’, ‘ನಮ್ಮ ಪಾಲು’, ‘ಕುಡಿಯುವ ನೀರು’. ಗೋವಾದಲ್ಲಿ ‘ತಿರುಗಿಸುವಿಕೆ’, ‘ಜೀವನಾಡಿ’, ‘ಅಭಯಾರಣ್ಯ’. ಕನ್ನಡದಲ್ಲಿ ಪದೇ ಪದೇ ಬರುವ ಇನ್ನೊಂದು ಮಾತಿದೆ: ‘ವ್ಯರ್ಥವಾಗಿ ಸಮುದ್ರ ಸೇರುವ ನೀರು’. ವೇದಿಕೆಯ ಭಾಷಣದಲ್ಲಿ, ಸಂಪಾದಕೀಯದಲ್ಲಿ, ಚಹಾದಂಗಡಿಯಲ್ಲಿ ಎಲ್ಲ ಕಡೆ ಕೇಳಿದ ಮಾತು ಇದು. ಭೂಪಟದಲ್ಲಿ ನೋಡಿದರೆ ಪಣಜಿ ಇರುವುದು ಸರಿಯಾಗಿ ಆ ‘ವ್ಯರ್ಥ’ ಎಂಬ ಜಾಗದಲ್ಲಿ.

ಅಲ್ಲಿ ಏನಿದೆ? ಖಾಜನ್ ಗದ್ದೆಗಳಿವೆ. ನದೀಮುಖದ ತಗ್ಗು ನೆಲಕ್ಕೆ ಮಣ್ಣಿನ ಬದು ಕಟ್ಟಿ, ಭರತ ಇಳಿತಕ್ಕೆ ತಕ್ಕಂತೆ ತೂಬು ತೆರೆದು ಮುಚ್ಚಿ ಉಪ್ಪುನೀರನ್ನು ಹದದಲ್ಲಿಟ್ಟು ಭತ್ತ ಬೆಳೆಯುವ, ಮೀನು ಹಿಡಿಯುವ ಹಳೆಯ ಪದ್ಧತಿ ಅದು. ಮೇಲಿನಿಂದ ಸಿಹಿನೀರು ಕಡಿಮೆಯಾದರೆ ಉಪ್ಪುನೀರು ಒಳಗೆ ಏರುತ್ತೆ, ಈ ಲೆಕ್ಕ ಕೆಡುತ್ತೆ ಅನ್ನೋದು ಇಲ್ಲಿಯವರ ಆತಂಕ. ಖಾಜನ್ ಕಂಡವರು ‘ವ್ಯರ್ಥ’ ಅನ್ನುವ ಮೊದಲು ಒಂದು ಸಲ ಯೋಚಿಸುತ್ತಾರೆ.

ಹಾಗೆಯೇ ಗೋವಾದ ಸುದ್ದಿಗಳಲ್ಲೂ ಒಂದು ಕುರುಡು ಇದೆ. ಅಲ್ಲಿ ಕರ್ನಾಟಕ ಅಂದರೆ ನೀರು ಕದಿಯುವ ಸರ್ಕಾರ. ಕೊಡ ಹಿಡಿದು ಟ್ಯಾಂಕರಿಗೆ ಕಾಯುವ ನರಗುಂದದ ಹೆಣ್ಣುಮಗಳು ಅಲ್ಲಿ ಕಾಣಿಸುವುದು ಅಪರೂಪ. ಆದರೆ ಅವಳ ತಮ್ಮನೋ ಮಗನೋ ಪಣಜಿಯಲ್ಲೇ ಇಟ್ಟಿಗೆ ಹೊರುತ್ತಿರುತ್ತಾನೆ. ಮೇಲೆ ನೀರಿಲ್ಲದ್ದಕ್ಕೇ ಅವನು ಕೆಳಗೆ ಇಳಿದು ಬಂದದ್ದು. ನದಿ ಬಂದ ದಾರಿಯಲ್ಲೇ ಅವನೂ ಘಟ್ಟ ಇಳಿದು ಬಂದ. ಅವನಿಗೆ ಇಲ್ಲಿ ಸಿಕ್ಕ ಹೆಸರು ‘ಘಾಟಿ’. ಎರಡೂ ಪತ್ರಿಕೆಗಳು ಇವನೊಬ್ಬನನ್ನು ಬಿಟ್ಟು ನದಿಯ ಕಥೆ ಹೇಳುತ್ತವೆ.

8. ಸಂಗ್ರಹದ ಪ್ರಶ್ನೆ

2011ರ ಜನಗಣತಿಯಂತೆ ಗೋವಾದಲ್ಲಿ ಕನ್ನಡ ಮಾತೃಭಾಷೆಯವರು ಶೇ. 4.66, ಅಂದರೆ ಸುಮಾರು 68 ಸಾವಿರ. ಪಣಜಿ ನಗರದ ಒಟ್ಟು ಜನಸಂಖ್ಯೆಗಿಂತ ಹೆಚ್ಚು. ಇವರು ಕಟ್ಟಿದ ಕಟ್ಟಡಗಳಿಲ್ಲದ ಬೀದಿ ಗೋವಾದಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. 1986ರ ಜುಲೈ 5ರಂದು ಮಾಂಡವಿಯ ಹಳೆಯ ಸೇತುವೆ ಕುಸಿದದ್ದು, ಹೊಸದು ಬರುವವರೆಗೆ ಊರು ಮತ್ತೆ ದೋಣಿಗಳನ್ನು ನೆಚ್ಚಿಕೊಂಡದ್ದು, 2019ರಲ್ಲಿ ಅಟಲ್ ಸೇತು ತೆರೆದದ್ದು ಎಲ್ಲವೂ ಗೋವಾದ ಪತ್ರಿಕೆಗಳಲ್ಲಿ ದಾಖಲಾಗಿವೆ. ಆ ದೋಣಿಗಳ ಸಾಲಿನಲ್ಲಿ ಬುಟ್ಟಿ ಹಿಡಿದು ನಿಂತ ಕನ್ನಡದ ಹೆಂಗಸರ ನೆನಪು ದಾಖಲಾಗುವುದು ಯಾವ ಪತ್ರಿಕೆಯಲ್ಲಿ? ಪಣಜಿಯ ಸ್ಥಳೀಯ ಚರಿತ್ರೆಯನ್ನು ನೂರು ವರ್ಷದ ನಂತರ ಯಾರಾದರೂ ಪತ್ರಿಕೆಗಳಿಂದಲೇ ಬರೆದರೆ, ಕನ್ನಡಿಗರು ಅದರಲ್ಲಿ ಅಪಘಾತದ ಸುದ್ದಿಯಾಗಿ, ಅಪರಾಧದ ಸುದ್ದಿಯಾಗಿ, ಇಲ್ಲವೇ ನದಿ ವಿವಾದದ ಎದುರಾಳಿಯಾಗಿ ಮಾತ್ರ ಉಳಿಯುವ ಸಾಧ್ಯತೆ ಇದೆ.

ಆದ್ದರಿಂದ ಮೂರು ಸಲಹೆಗಳನ್ನು ಮುಂದಿಡ್ತೀನಿ.

ಒಂದು, ಕನ್ನಡ ವಿಭಾಗಗಳು ಪತ್ರಿಕೆ ಅಂದಾಗ ದಿನಪತ್ರಿಕೆಯನ್ನಷ್ಟೇ ಲೆಕ್ಕಕ್ಕೆ ತಗೋಬಾರದು. ಗೋವಾದ ಕನ್ನಡ ಸಂಘಗಳ ಸ್ಮರಣ ಸಂಚಿಕೆ, ಕನ್ನಡ ಶಾಲೆಯ ಮಕ್ಕಳ ಕೈಬರಹದ ಪತ್ರಿಕೆ, ಜಾತ್ರೆಯ ಕರಪತ್ರ, ಲಗ್ನಪತ್ರಿಕೆ ಇವೆಲ್ಲ ಆಕರಗಳೇ. ಒಂದು ಲಗ್ನಪತ್ರಿಕೆಯಲ್ಲಿ ಎರಡು ವಿಳಾಸ ಇರುತ್ತೆ, ಊರಿನದೊಂದು, ಗೋವಾದ್ದೊಂದು. ವಲಸೆಯ ದಾರಿ ಅದರಲ್ಲೇ ಬರೆದಿರುತ್ತೆ.

ಎರಡು, ಹುಬ್ಬಳ್ಳಿ, ಬೆಳಗಾವಿ, ಕಾರವಾರದ ಕಡೆಯ ಪತ್ರಿಕೆಗಳಲ್ಲಿ ಗೋವಾದ ಬಗ್ಗೆ ಬಂದ ಬರಹಗಳಿಗೆ ಒಂದು ಸೂಚಿ ತಯಾರಾಗಬೇಕು.

ಮೂರು, ಕನ್ನಡದ ಪತ್ರಿಕೆಯನ್ನು ಕೊಂಕಣಿಯ ಪತ್ರಿಕೆಯ ಪಕ್ಕದಲ್ಲಿಟ್ಟು ಓದುವ ಅಭ್ಯಾಸ ಬೇಕು. ರಾಕ್ಣೊವನ್ನು ಓದಲು ನಮಗೆ ಲಿಪಿ ಗೊತ್ತು. ಅಲ್ಲಿಂದ ಶುರು ಮಾಡಬಹುದು.

ಸಂವಾದದಿಂದ

ಪ್ರಶ್ನೆ (ಅಧ್ಯಾಪಕರೊಬ್ಬರಿಂದ): ಕದಂಬರ ಹೆಸರು, ಆದಿಲ್‌ಶಾಹಿ ಅರಮನೆ ಇವನ್ನೆಲ್ಲ ಮುಂದಿಟ್ಟರೆ, ಗೋವಾ ನಮ್ಮದೇ ಆಗಿತ್ತು ಎಂಬ ಅಭಿಮಾನದ ಮಾತಿಗೆ ಅದು ದಾರಿ ಆಗುವುದಿಲ್ಲವೇ?

ಉತ್ತರ: ಒಳ್ಳೆಯ ಪ್ರಶ್ನೆ, ಸರ್. ಆಗಬಾರದು ಅಂತಲೇ ‘ಕನಾರಿಂ’ ವಿಷಯವನ್ನು ಸೇರಿಸಿದ್ದು. ಹೆಸರು ಕಂಡ ಕೂಡಲೇ ನಮ್ಮದು ಅಂದುಬಿಟ್ಟರೆ ಕೊಂಕಣಿಯ ವ್ಯಾಕರಣವನ್ನೂ ನಮ್ಮದು ಅನ್ನಬೇಕಾಗುತ್ತೆ. ಕದಂಬರ ಕುರುಹು ನನಗೆ ಹಕ್ಕಿನ ಪತ್ರ ಅಲ್ಲ. ಜನ ಘಟ್ಟ ಹತ್ತಿ ಇಳಿದು ಮಾಡಿದ್ದು ಇವತ್ತು ನಿನ್ನೆಯ ಮಾತಲ್ಲ ಅನ್ನೋದಕ್ಕೆ ಸಾಕ್ಷಿ, ಅಷ್ಟೇ.

ಪ್ರಶ್ನೆ (ಸಹಪಾಠಿಯಿಂದ): ಮಹದಾಯಿ ವಿಷಯದಲ್ಲಿ ನೀನು ಯಾರ ಪರ? ಪ್ರಬಂಧದಲ್ಲಿ ಜಾರಿಕೊಂಡ ಹಾಗೆ ಕಾಣಿಸುತ್ತೆ.

ಉತ್ತರ: ಜಾರಿಕೊಂಡಿಲ್ಲ. ಕಾಕಾನ ಊರಿಗೆ ಕುಡಿಯುವ ನೀರು ಬೇಕೇ ಬೇಕು. ಅದರಲ್ಲಿ ನನಗೆ ಎರಡು ಮಾತಿಲ್ಲ. ನಾನು ದಿನಾ ನೋಡುವ ನದಿ ಉಪ್ಪಾಗಬಾರದು ಅನ್ನೋದೂ ಅಷ್ಟೇ ನಿಜ. ಎಷ್ಟು ನೀರು ಅನ್ನೋದನ್ನು ತೀರ್ಮಾನಿಸೋಕೆ ನ್ಯಾಯಮಂಡಳಿ, ತಜ್ಞರು, ನ್ಯಾಯಾಲಯ ಇದ್ದಾರೆ. ಸಾಹಿತ್ಯದ ವಿದ್ಯಾರ್ಥಿಯಾಗಿ ನಾನು ಹೇಳಬಹುದಾದದ್ದು ಇಷ್ಟು: ನಮ್ಮ ಬೇಡಿಕೆ ಹೇಳೋಕೆ ‘ವ್ಯರ್ಥ’ ಎಂಬ ಪದದ ಅಗತ್ಯ ಇಲ್ಲ. ಬಾಯಾರಿಕೆ ನಿಜವಾಗಿದ್ದಾಗ ಇನ್ನೊಬ್ಬರ ನದಿಯನ್ನು ವ್ಯರ್ಥ ಅನ್ನದೆಯೂ ನೀರು ಕೇಳಬಹುದು.

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿಯೊಬ್ಬರಿಂದ): ಪೋರ್ಚುಗೀಸ್ ಬಾರದ ಕನ್ನಡ ವಿದ್ಯಾರ್ಥಿ ಈ ಕೆಲಸವನ್ನು ಹೇಗೆ ಶುರು ಮಾಡಬೇಕು?

ಉತ್ತರ: ನನ್ನ ಅನುಭವದಲ್ಲಿ ಜಾಹೀರಾತು, ಮರಣವಾರ್ತೆ, ಬೆಲೆಪಟ್ಟಿ ಇವುಗಳಿಂದ ಶುರು ಮಾಡುವುದು ಸುಲಭ. ಹೆಸರು, ಊರು, ಅಂಕಿ ಎಲ್ಲ ಭಾಷೆಯಲ್ಲೂ ಹೆಚ್ಚುಕಡಿಮೆ ಒಂದೇ. ನೂರು ಪದ ಗೊತ್ತಾದರೆ ಅರ್ಧ ಪುಟ ತೆರೆದುಕೊಳ್ಳುತ್ತೆ. ಜೊತೆಗೆ ಒಬ್ಬ ಹಿರಿಯ ಗೋವಾದವರ ಗೆಳೆತನ ಬೇಕು. ಪೋರ್ಚುಗೀಸ್ ಶಾಲೆಯಲ್ಲಿ ಕಲಿತ ತಲೆಮಾರು ಈಗ ಬಹಳ ವಯಸ್ಸಾದವರದ್ದು. ಅವರು ಇರುವಾಗಲೇ ಕೂತು ಓದಿಸಿಕೊಳ್ಳಬೇಕು. ಪತ್ರಿಕೆಯನ್ನು ಸ್ಕ್ಯಾನ್ ಮಾಡಿ ಉಳಿಸಬಹುದು, ಓದಿ ಹೇಳುವವರನ್ನು ಹಾಗೆ ಉಳಿಸೋಕಾಗಲ್ಲ.

ಸಮಯ ಮೀರಿದೆ ಅಂತ ಸಂಚಾಲಕರು ಬರೆದು ತೋರಿಸ್ತಾ ಇದ್ದಾರೆ.